ಒಗರಿನ ವಿಚಾರ

ಷಡ್ರಸಗಳಲ್ಲಿ ಐದಕ್ಕೆ ಊಟದ ಎಲೆಯ ಮೇಲೆ ಗೊತ್ತಾದ ಜಾಗವಿದೆ. ಉಪ್ಪು ಎಲ್ಲರಿಗಿಂತ ಮೊದಲು ಬಂದು ಎಲೆಯ ತುದಿಯಲ್ಲಿ ಕೂರುತ್ತದೆ, ಹುಳಿ ಖಾರಗಳು ಉಪ್ಪಿನಕಾಯಿಯ ರೂಪದಲ್ಲಿ ಅದರ ನೆರೆಯಲ್ಲೇ ಮನೆ ಮಾಡುತ್ತವೆ, ಸಿಹಿಗೆ ಪಾಯಸವಿದೆ, ಕಹಿಗೂ ಹಾಗಲಕಾಯಿ ಗೊಜ್ಜೆಂಬ ಗೌರವದ ಹುದ್ದೆಯುಂಟು. ಒಗರೊಂದೇ ಪಂಕ್ತಿಗೆ ಸೇರದ ನೆಂಟ. ಎಲ್ಲರೂ ಕೈತೊಳೆದು ಜಗಲಿಗೆ ಬಂದ ಮೇಲೆ ಅಡಿಕೆಯ ಹೋಳಾಗಿ ತಟ್ಟೆಯಲ್ಲಿ ಕುಳಿತು ತನ್ನ ಸರದಿಯನ್ನು ಕಾಯುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಕಷಾಯವೆಂದು ಹೆಸರು. ಸಂನ್ಯಾಸಿಗಳು ಉಡುವ ಬಟ್ಟೆಗೆ ಕಾಷಾಯವೆಂಬ ಹೆಸರು ಬಂದುದೂ ಆ ಮಾತಿನಿಂದಲೇ. ನಾಲಗೆಗೆ ವೈರಾಗ್ಯವನ್ನು ತರುವ ರುಚಿ ಇದೆಂದು ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ.

ಇಂಥ ಒಗರು ಎರಡು ವರ್ಷದ ಕೆಳಗೆ, ನಾನು ಮೊದಲ ಬಿ.ಎ. ತರಗತಿಯಲ್ಲಿದ್ದಾಗ, ದಿನಕ್ಕೆ ಮೂರು ಹೊತ್ತು ನನ್ನ ಪಾಲಿಗೆ ಬಂತು. ಬಂದ ಕಾರಣವನ್ನು ಹೇಳದೆ ಮುಂದುವರಿಯುವಂತಿಲ್ಲ. ಕಾಲೇಜಿನ ಸಂಚಿಕೆಯಲ್ಲಿ ಇಂಥದನ್ನೆಲ್ಲ ಬರೆಯುವುದುಂಟೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಈ ತೊಂದರೆ ಇದೆ. ಇದ್ದವರಲ್ಲಿ ಬಹುಪಾಲು ಜನಕ್ಕೆ ಅದು ತಮಗಿದೆಯೆಂಬುದೇ ತಿಳಿಯದು. ನಮ್ಮ ತರಗತಿಯಲ್ಲಿ ಹುಡುಗಿಯರು ನಲವತ್ತು. ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ.

ನನಗಾದದ್ದು ಇಷ್ಟೆ. ಒಂದು ವರ್ಷದೊಳಗೆ ಮೈ ತೂಕ ಅರವತ್ತರಿಂದ ಎಪ್ಪತ್ತೊಂದು ಕಿಲೋಗೆ ಏರಿತು. ತಿಂಗಳ ಮುಟ್ಟು ಮೂರು ತಿಂಗಳಿಗೊಮ್ಮೆಯಾಯಿತು. ಬಂದರೆ ಹನ್ನೆರಡು ಹದಿನೈದು ದಿನ ಹೋಗುವ ಮಾತೇ ಇಲ್ಲ. ಗದ್ದದ ಮೇಲೆ ಇರಬಾರದ ಕೂದಲು ತಲೆ ಎತ್ತಿತು. ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿಸಿ, ರಕ್ತ ತೆಗೆಸಿ ನೋಡಿ, ‘ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್’ ಎಂದರು. ಪಿಸಿಓಎಸ್ ಎಂದು ಚೀಟಿಯ ಮೇಲೆ ಬರೆದರು. ಆ ನಾಲ್ಕು ಅಕ್ಷರಗಳು ನಮ್ಮ ಮನೆಯ ಹೊಸ್ತಿಲು ದಾಟುವುದರೊಳಗೆ ‘ಹೊಟ್ಟೆಯಲ್ಲಿ ಗಡ್ಡೆ’ ಎಂದು ಅನುವಾದವಾಗಿದ್ದವು. ಸಂಜೆಯ ಹೊತ್ತಿಗೆ ಕೇರಿಯಲ್ಲಿ ಅದು ‘ತಿಂದು ಕೂತು ಬಂದ ಗಡ್ಡೆ’ ಎಂದು ಪರಿಷ್ಕೃತ ಆವೃತ್ತಿಯನ್ನು ಕಂಡಿತು.

ಗಡ್ಡೆಯೂ ಇಲ್ಲ, ತಿಂದು ಕೂತದ್ದೂ ಇಲ್ಲ. ೧೯೩೫ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಸ್ಟೈನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ವೈದ್ಯರು ಏಳು ಮಂದಿ ಹೆಂಗಸರ ವೃತ್ತಾಂತವನ್ನು ಪ್ರಕಟಿಸಿದರು. ಅವರ ಅಂಡಾಶಯಗಳು ದಪ್ಪವಾಗಿ, ತುಂಬ ಸಣ್ಣ ಸಣ್ಣ ನೀರುಗುಳ್ಳೆಗಳಿಂದ ಕೂಡಿದ್ದುದರಿಂದ ರೋಗಕ್ಕೆ ಗುಳ್ಳೆಯ ಹೆಸರೇ ನಿಂತುಬಿಟ್ಟಿತು. ವಾಸ್ತವವಾಗಿ ಅವು ಪಕ್ವವಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತುಹೋದ ಅಂಡಕೋಶಗಳು. ಹೂವಾಗದೆ ನಿಂತ ಮೊಗ್ಗಿಗೆ ಯಾರೂ ಗಡ್ಡೆ ಎನ್ನುವುದಿಲ್ಲ. ೨೦೦೩ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಮೂರು ಲಕ್ಷಣಗಳನ್ನು ಗೊತ್ತುಮಾಡಿದರು: ಅಂಡ ಬಿಡುಗಡೆಯಾಗುವುದರಲ್ಲಿ ಕ್ರಮ ತಪ್ಪುವುದು, ಗಂಡಸರ ಹಾರ್ಮೋನೆನಿಸಿದ ಆಂಡ್ರೋಜನ್ ಹೆಚ್ಚಾಗುವುದು, ಸ್ಕ್ಯಾನಿಂಗಿನಲ್ಲಿ ಅಂಡಾಶಯ ಹಾಗೆ ಕಾಣುವುದು. ಬೇರೆ ಕಾಯಿಲೆ ಇಲ್ಲವೆಂದು ಖಚಿತವಾಗಿ, ಇವುಗಳಲ್ಲಿ ಎರಡಿದ್ದರೆ ಸಾಕು. ತೂಕ ಆ ಮೂರರಲ್ಲಿ ಇಲ್ಲವೆಂಬುದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಕಡ್ಡಿಯಂಥ ಹುಡುಗಿಯರಿಗೂ ಇದು ಬರುತ್ತದೆ.

ಹಾಗಾದರೆ ತೂಕ ಏರುವುದೇಕೆ? ಡಾಕ್ಟರಮ್ಮನವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ರಕ್ತದ ಸಕ್ಕರೆಯನ್ನು ಒಳಕ್ಕೆ ತೆಗೆದುಕೊಳ್ಳಿರೆಂದು ಮೈಯ ಸ್ನಾಯುಗಳಿಗೆ ಕೂಗಿ ಹೇಳುವ ಯಜಮಾನ ಇನ್ಸುಲಿನ್. ನಮ್ಮಂಥವರಲ್ಲಿ ಅನೇಕರ ಸ್ನಾಯುಗಳಿಗೆ ಕಿವಿ ಮಂದ. ಆಳು ಓಗೊಡದಿದ್ದರೆ ಯಜಮಾನ ಏನು ಮಾಡುತ್ತಾನೆ? ಇನ್ನೂ ಗಟ್ಟಿಯಾಗಿ ಕೂಗುತ್ತಾನೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಸ್ನಾಯುಗಳು ಕಿವುಡಾದರೂ ಅಂಡಾಶಯದ ಕಿವಿ ಮಾತ್ರ ಚುರುಕಾಗಿಯೇ ಇರುತ್ತದೆ; ಅದು ಆ ಕೂಗನ್ನು ತನಗೇ ಎಂದು ತಿಳಿದು ಆಂಡ್ರೋಜನ್ನನ್ನು ಅಗತ್ಯಕ್ಕಿಂತ ಹೆಚ್ಚು ತಯಾರಿಸುತ್ತದೆ. ಇತ್ತ ಹೆಚ್ಚಿದ ಇನ್ಸುಲಿನ್ ಕೊಬ್ಬು ಕೂಡುವುದಕ್ಕೆ ಅನುಕೂಲ ಮಾಡಿಕೊಡುತ್ತದೆ. ಕೂಡಿದ ಕೊಬ್ಬು ಸ್ನಾಯುಗಳನ್ನು ಇನ್ನೂ ಕಿವುಡಾಗಿಸುತ್ತದೆ. ಗಾಣದೆತ್ತಿನ ಸುತ್ತು. ಈ ಸುತ್ತನ್ನು ಎಲ್ಲಿಯಾದರೂ ತಡೆದರೆ ಉಳಿದುದೂ ಸಡಿಲವಾಗುತ್ತದೆ. ಮೈ ತೂಕ ನೂರಕ್ಕೆ ಐದರಷ್ಟು ಇಳಿದರೂ ಹಲವರಲ್ಲಿ ಮುಟ್ಟು ಕ್ರಮಕ್ಕೆ ಬರುವುದುಂಟೆಂದು ಅವರು ಹೇಳಿದರು.

ಎಷ್ಟೆಲ್ಲ ಹೇಳಿದರೂ ನಮ್ಮ ಮನೆಯವರು ಹಿಡಿದುಕೊಂಡದ್ದು ‘ತೂಕ ಇಳಿದರೆ’ ಎಂಬ ಎರಡು ಪದಗಳನ್ನು. ತೂಕ ಇಳಿಸುವ ವಿದ್ಯೆ ನಮ್ಮೂರಿನಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿಲ್ಲದವಳು ಡಾಕ್ಟರಮ್ಮ ಒಬ್ಬಳೇ. ದೊಡ್ಡಮ್ಮ ಅಳಲೆಕಾಯಿ, ತಾರೆಕಾಯಿ, ನೆಲ್ಲಿಚೆಟ್ಟು ಕುಟ್ಟಿ ಕಷಾಯ ಹೂಡಿದರು. ಪಕ್ಕದ ಮನೆಯ ಅತ್ತೆ ದಾಳಿಂಬೆ ಸಿಪ್ಪೆ ಒಣಗಿಸಿ ಕಳಿಸಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕ ಹಸಿರು ಚಹದ ಪೊಟ್ಟಣ ತಂದುಕೊಟ್ಟು, ಅದನ್ನು ಕುಡಿದು ತೆಳ್ಳಗಾದ ಚಲನಚಿತ್ರ ನಟಿಯರ ಪಟ್ಟಿಯನ್ನೂ ಒಪ್ಪಿಸಿದಳು. ಪೇಟೆಯ ಅಂಗಡಿಯೊಂದರಲ್ಲಿ ಅದೇ ಚಹದ ಸಾರವನ್ನು ಮಾತ್ರೆ ಕಟ್ಟಿ, ತಿಂಗಳಿಗೆ ಸಾವಿರದ ಮೇಲೆ ಬೆಲೆ ಇಟ್ಟು ಮಾರುತ್ತಿದ್ದರು. ಅಪ್ಪನ ಜೇಬು ನನ್ನನ್ನು ಅದರಿಂದ ಕಾಪಾಡಿತು. ಇವೆಲ್ಲದರಲ್ಲೂ ಸಾಮಾನ್ಯವಾಗಿದ್ದ ಗುಣ ಒಂದೇ: ಒಗರು.

“ಒಗರು ಅಂದ್ರೆ ಹಿಂಡೋ ಗುಣ ಕಣೇ” ಎಂದರು ದೊಡ್ಡಮ್ಮ. “ಬಾಯಿ ಹ್ಯಾಗೆ ಬಿಗಿಯತ್ತೋ ಹಾಗೇ ಬೊಜ್ಜೂ ಬಿಗಿದು ಇಳಿಯತ್ತೆ. ಉಂಡ ಕೂಡ್ಲೆ ಕುಡೀಬೇಕು, ತಡ ಮಾಡಬಾರ್ದು.”

ದೊಡ್ಡಮ್ಮನ ಮಾತಿಗೆ ಶಾಸ್ತ್ರದ ಆಧಾರವಿಲ್ಲವೆನ್ನುವಂತಿಲ್ಲ. ಆಯುರ್ವೇದದಲ್ಲಿ ಕಷಾಯರಸಕ್ಕೆ ಒಣಗಿಸುವ, ಕೆರೆದು ತೆಗೆಯುವ ಗುಣವನ್ನು ಹೇಳಿದೆ. ಆದರೆ ಅದೇ ಚರಕಸಂಹಿತೆ, ಈ ರಸ ಅತಿಯಾದರೆ ಬಾಯಿ ಒಣಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಎದೆಗೆ ಪೀಡೆಯಾಗುತ್ತದೆ ಎಂದೂ ಎಚ್ಚರಿಸಿದೆ. ನಮ್ಮಲ್ಲಿ ಶಾಸ್ತ್ರದ ಮೊದಲರ್ಧಕ್ಕೆ ಸಿಕ್ಕುವ ಮರ್ಯಾದೆ ಎರಡನೆಯ ಅರ್ಧಕ್ಕೆ ಸಿಕ್ಕುವುದು ಅಪರೂಪ.

ನನ್ನ ರಸಾಯನಶಾಸ್ತ್ರ ಎಸ್.ಎಸ್.ಎಲ್.ಸಿ.ಗೇ ಮುಗಿದಿತ್ತು, ನಾನು ಇತಿಹಾಸದ ವಿದ್ಯಾರ್ಥಿನಿ. ಆದರೂ ದಿನಕ್ಕೆ ಮೂರು ಲೋಟ ಒಳಗೆ ಹೋಗುವ ವಸ್ತುವಿನ ಕುಲಗೋತ್ರಗಳನ್ನು ವಿಚಾರಿಸದಿರುವುದು ಹೇಗೆ? ವಿಚಾರಿಸಹೋದರೆ ಅದು ನಮ್ಮ ಅಂಗಳದಲ್ಲೇ ಕುದಿಯುತ್ತಿತ್ತು. ಮಲೆನಾಡಿನಲ್ಲಿ ಹಸಿಯಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಮುಂದಿನ ಅಡಿಕೆಗೆ ಬಣ್ಣ ಕೊಡುವುದು ಅದೇ. ಅಡಿಕೆ ಸುಲಿಯುವ ಹೆಂಗಸರ ಕೈ ಸುಗ್ಗಿಯುದ್ದಕ್ಕೂ ಕಪ್ಪಾಗಿರುವುದು ಅದರ ಒಗರಿನಿಂದಲೇ. ಚೊಗರಿಗೂ, ಅಳಲೆಕಾಯಿಗೂ, ದಾಳಿಂಬೆ ಸಿಪ್ಪೆಗೂ, ಚಹದ ಎಲೆಗೂ ಒಗರನ್ನು ಕೊಟ್ಟಿರುವ ವಸ್ತುವರ್ಗಕ್ಕೆ ಟ್ಯಾನಿನ್ ಎಂದು ಹೆಸರು. ಚರ್ಮ ಹದಮಾಡುವ ಕೆಲಸಕ್ಕೆ ಸಂಬಂಧಿಸಿದ ಮಾತಿನಿಂದ ಹುಟ್ಟಿದ ಹೆಸರದು. ತಂಗಡಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ಹಾಕಿ ತೊಗಲು ಹದಮಾಡುವ ಕಸುಬು ನಮ್ಮಲ್ಲಿ ಬಹುಕಾಲದ್ದು. ಹಸಿ ತೊಗಲಿನ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡು, ಎಳೆಗೆ ಎಳೆ ಕಟ್ಟಿ, ಕೊಳೆಯದಂತೆ ಮಾಡುತ್ತದೆ.

ಇಂಗ್ಲೆಂಡಿನ ಹಂಫ್ರಿ ಡೇವಿ—ಗಣಿಯ ದೀಪವನ್ನು ಕಂಡುಹಿಡಿದ ಅದೇ ಡೇವಿ—೧೮೦೩ರಲ್ಲಿ ಒಗರಿನ ಸಸ್ಯಗಳನ್ನು ಕುರಿತು ಒಂದು ದೊಡ್ಡ ಲೇಖನವನ್ನು ಬರೆದ. ಮುಂಬಯಿ ಮತ್ತು ಬಂಗಾಳದಿಂದ ತರಿಸಿದ ಕಾಚನ್ನು ಪರೀಕ್ಷಿಸಿ, ಅದರಲ್ಲಿ ಓಕ್ ಮರದ ತೊಗಟೆಗಿಂತ ಎಷ್ಟೋ ಪಟ್ಟು ಹೆಚ್ಚು ಟ್ಯಾನಿನ್ ಇದೆಯೆಂದು ತೋರಿಸಿದ. ಎಲೆಯಡಿಕೆಯ ಜೊತೆ ಹಾಕಿಕೊಳ್ಳುವ ಕಾಚೇ ಅದು. ಕಗ್ಗಲಿ ಮರದ ಕೆಚ್ಚನ್ನು ಕುದಿಸಿ ತೆಗೆಯುವುದು. ಹಸಿರು ಚಹದ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ‘ಕ್ಯಾಟೆಚಿನ್’ ಎಂಬ ಮಾತು ಈ ಕಾಚಿನ ಇಂಗ್ಲಿಷ್ ಹೆಸರಿನಿಂದ ಬಂದುದು. ಒಂದು ಬಗೆಯ ಟ್ಯಾನಿನ್ನಿಗೆ ಕ್ಯಾಟೆಚಿನ್ನುಗಳೇ ಇಟ್ಟಿಗೆಗಳು. ಅಕ್ಕ ಬೆಂಗಳೂರಿನಿಂದ ಅಷ್ಟು ಹಣ ಕೊಟ್ಟು ತಂದದ್ದಕ್ಕೂ ಅಜ್ಜಿಯ ಎಲೆಯಡಿಕೆಯ ಚೀಲಕ್ಕೂ ಇಂಥ ನೆಂಟಸ್ತಿಕೆ ಇದೆಯೆಂದು ತಿಳಿದಾಗ ನಾನು ಒಬ್ಬಳೇ ಕುಳಿತು ನಕ್ಕೆ.

ಬಾಯಿಯೊಳಗೆ ನಡೆಯುವುದೂ ತೊಗಲಿನ ಕೆಲಸವೇ. ಜೊಲ್ಲಿನಲ್ಲಿ ನಾಲಗೆಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಟ್ಯಾನಿನ್ ಅವನ್ನು ಹಿಡಿದು ಗಂಟುಕಟ್ಟಿಸಿ ಕೆಳಗಿಳಿಸುತ್ತದೆ; ನುಣುಪು ಹೋಗಿ ನಾಲಗೆ ಒರಟಾಗುತ್ತದೆ. ಆದ್ದರಿಂದ ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶವೆಂದು ಈಗಿನ ವಿಜ್ಞಾನಿಗಳ ಮತ. ಇಲ್ಲಿ ಬಿಗಿಯುವುದು ಜೊಲ್ಲೇ ಹೊರತು ಬೊಜ್ಜಲ್ಲ. ಬೊಜ್ಜು ಪ್ರೋಟೀನೂ ಅಲ್ಲ. ಲೋಟದ ಕಷಾಯಕ್ಕೆ ಅದರ ದಾರಿ ಗೊತ್ತೂ ಇಲ್ಲ.

ಆದರೂ ತೂಕಕ್ಕೂ ಟ್ಯಾನಿನ್ನಿಗೂ ಸಂಬಂಧವೇ ಇಲ್ಲವೆಂದು ಹೇಳಿಬಿಟ್ಟರೆ ದೊಡ್ಡಮ್ಮನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಪಿಷ್ಟವನ್ನೂ ಕೊಬ್ಬನ್ನೂ ಅರಗಿಸುವ ಕಿಣ್ವಗಳೂ ಪ್ರೋಟೀನುಗಳೇ ಆದ್ದರಿಂದ, ಗಾಜಿನ ನಳಿಕೆಯಲ್ಲಿ ಟ್ಯಾನಿನ್ ಅವನ್ನೂ ಹಿಡಿದು ಕಟ್ಟಿಹಾಕುತ್ತದೆ. ಸಕ್ಕರೆ ಮೆಲ್ಲಗೆ ರಕ್ತಕ್ಕಿಳಿದರೆ ಇನ್ಸುಲಿನ್ನಿನ ಕೂಗೂ ತಗ್ಗೀತು ಎಂಬ ಆಸೆಗೆ ಇದೇ ಬುನಾದಿ. ಆದರೆ ಗಾಜಿನ ನಳಿಕೆಯಲ್ಲಿ ಜೊಲ್ಲಿಲ್ಲ, ಬೇಳೆಯಿಲ್ಲ, ಮಜ್ಜಿಗೆಯಿಲ್ಲ. ಹೊಟ್ಟೆಗೆ ಬಂದ ಟ್ಯಾನಿನ್ನಿಗೆ ಮೊದಲು ಎದುರಾಗುವ ಪ್ರೋಟೀನುಗಳು ಅವು. ಅವನ್ನು ತಬ್ಬಿಕೊಂಡಮೇಲೆ ಕಿಣ್ವಗಳಿಗೆ ಉಳಿಯುವುದು ಅಲ್ಪಸ್ವಲ್ಪ.

ಪ್ರಾಣಿಗಳ ವಿಷಯ ಕೇಳಲು ಸ್ವಾರಸ್ಯವಾಗಿದೆ. ಒಗರು ಜಾಸ್ತಿಯಿರುವ ಜೋಳದ ತಳಿಗಳುಂಟು. ಹಕ್ಕಿಗಳು ಅದರ ತಂಟೆಗೆ ಹೋಗವೆಂದು ಪೂರ್ವ ಆಫ್ರಿಕದ ರೈತರು ಬೆಳೆಯುತ್ತಾರೆ. ಅಂಥ ಜೋಳವನ್ನು ಕೋಳಿಮರಿಗಳಿಗೆ ತಿನ್ನಿಸಿದರೆ ತೂಕ ಸರಿಯಾಗಿ ಏರುವುದಿಲ್ಲ. ‘ನೋಡಿ, ಇಳಿಯಿತಲ್ಲ!’ ಎನ್ನಬಹುದು. ಆದರೆ ಆ ಕೋಳಿಮರಿ ತೆಳ್ಳಗಾದದ್ದಲ್ಲ, ಬೆಳೆಯದೆ ಉಳಿದದ್ದು. ತಿಂದ ಪ್ರೋಟೀನು ಮೈಗೆ ಹತ್ತದೆ ಹೊರಗೆ ಹೋದದ್ದು. ಇಲಿಗಳು ಕೋಳಿಗಳಿಗಿಂತ ಜಾಣರು. ೧೯೮೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಳೆಯ ಇಲಿಗಳಿಗೆ ಈ ಜೋಳವನ್ನು ಕೊಟ್ಟಾಗ ಮೊದಲ ಮೂರು ದಿನ ಅವುಗಳ ತೂಕ ಇಳಿಯಿತು. ಅಷ್ಟರಲ್ಲಿ ಅವುಗಳ ಜೊಲ್ಲಿನ ಗ್ರಂಥಿಗಳು ಊದಿಕೊಂಡು, ಟ್ಯಾನಿನ್ನನ್ನು ಬಾಯಲ್ಲೇ ಹಿಡಿದು ನಿಲ್ಲಿಸುವ ಪ್ರೋಟೀನನ್ನು ಧಾರಾಳವಾಗಿ ಸುರಿಸತೊಡಗಿದವು. ನಾಲ್ಕನೆಯ ದಿನದಿಂದ ತೂಕ ಮತ್ತೆ ಏರಿತು. ಇಲಿಯ ಮೈ ಮೂರು ದಿನದಲ್ಲಿ ಕಲಿತ ಪಾಠವಿದು. ಕಷಾಯ ಕುಡಿದ ಮೊದಲ ವಾರ ತೂಕ ಇಳಿಯಿತು, ಆಮೇಲೆ ನಿಂತುಹೋಯಿತು ಎಂದು ಹೇಳುವ ಗೆಳತಿಯರನ್ನು ಕಂಡಾಗ ನನಗೆ ಆ ಇಲಿಗಳ ನೆನಪಾಗುತ್ತದೆ. ಅವರಿಗೆ ಹಾಗೆಂದು ಹೇಳಿಲ್ಲ; ಸ್ನೇಹ ಉಳಿಯಬೇಕಷ್ಟೆ.

ಮನುಷ್ಯರ ಮೇಲೆ ನೋಡಿದ್ದೂ ಉಂಟು. ೨೦೦೬ರಲ್ಲಿ ಹಾಂಗ್‌ಕಾಂಗಿನಲ್ಲಿ, ಪಿಸಿಓಎಸ್ ಇದ್ದ ಸ್ಥೂಲಕಾಯದ ೩೪ ಮಂದಿ ಹೆಂಗಸರಲ್ಲಿ ಕೆಲವರಿಗೆ ಹಸಿರು ಚಹದ ಸಾರವನ್ನೂ ಉಳಿದವರಿಗೆ ಬರಿಯ ಹುಸಿಮದ್ದನ್ನೂ ಮೂರು ತಿಂಗಳು ಕೊಟ್ಟು ನೋಡಿದರು. ಎರಡು ಗುಂಪಿಗೂ ನಂಬುವಂಥ ವ್ಯತ್ಯಾಸ ಕಾಣಲಿಲ್ಲ. ಮುಂದೆ ಇರಾನಿನಲ್ಲಿ ನಡೆದ ಸಣ್ಣ ಪರೀಕ್ಷೆಗಳಲ್ಲಿ ತೂಕ ಸ್ವಲ್ಪ ಇಳಿಯಿತೆಂದು ವರದಿಯಾಗಿದೆ. ಪಿಸಿಓಎಸ್ ಇಲ್ಲದ ದಪ್ಪನೆಯ ಜನರ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ೨೦೧೨ರಲ್ಲಿ ಕಾಕ್ರೇನ್ ಸಂಸ್ಥೆಯವರು ತೂಗಿನೋಡಿದಾಗ, ಹಸಿರು ಚಹದಿಂದ ಇಳಿಯುವ ತೂಕ ತೀರ ಅಲ್ಪ, ಆರೋಗ್ಯಕ್ಕೆ ಲೆಕ್ಕಕ್ಕೆ ಬಾರದಷ್ಟು ಎಂದು ತೀರ್ಪಾಯಿತು. ಇನ್ನು ಸಾರವನ್ನು ಬಟ್ಟಿಯಿಳಿಸಿ ಮಾತ್ರೆ ಕಟ್ಟಿದ್ದರ ವಿಷಯ ಬೇರೆಯೇ. ಅದರಲ್ಲಿರುವ ಮುಖ್ಯ ಕ್ಯಾಟೆಚಿನ್ ದಿನಕ್ಕೆ ೮೦೦ ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ಪೆಟ್ಟಾಗುವ ಸೂಚನೆಗಳು ರಕ್ತದಲ್ಲಿ ಕಾಣುತ್ತವೆಂದು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ ೨೦೧೮ರಲ್ಲಿ ಹೇಳಿದೆ. ಲೋಟದ ಚಹ ಕುಡಿಯುವವರಿಗೆ ಆ ಭಯವಿಲ್ಲ.

ಇಷ್ಟೇ ಆಗಿದ್ದರೆ ಕಷಾಯವನ್ನು ನಿರುಪದ್ರವಿ ನೆಂಟನಂತೆ ಮನೆಯಲ್ಲಿರಿಸಿಕೊಳ್ಳಬಹುದಾಗಿತ್ತು. ಆದರೆ ಎರಡನೆಯ ವರ್ಷದ ಆರಂಭದಲ್ಲಿ ನಾನು ಕಾಲೇಜಿನ ಮಹಡಿ ಹತ್ತುವಾಗ ನಡುವೆ ನಿಲ್ಲತೊಡಗಿದೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಕ್ತಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ೯.೨ ಗ್ರಾಂ. ಹೆಂಗಸರಿಗೆ ೧೨ ಇರಬೇಕು. ನನ್ನಂಥವರು ಶಿಬಿರದಲ್ಲಿ ಬಹಳ ಮಂದಿ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ. ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ದಿನಗಟ್ಟಲೆ ಹೋಗುವ ಮುಟ್ಟು ಒಂದು ಕಾರಣ, ಸರಿ. ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: “ಊಟದ ಜೊತೆಗೆ ಏನು ಕುಡಿಯುತ್ತೀಯಮ್ಮ?” ಕಷಾಯದ ವರ್ತಮಾನವನ್ನು ಕೇಳಿ ಒಂದು ಗಳಿಗೆ ಸುಮ್ಮನಿದ್ದು, “ನೀವು ಇತಿಹಾಸ ಓದುವವರು. ಹಿಂದಿನವರು ಶಾಯಿ ಹೇಗೆ ಮಾಡುತ್ತಿದ್ದರು ಗೊತ್ತೆ?” ಎಂದರು.

ಗೊತ್ತಿತ್ತು. ದೀಪದ ಕಾಡಿಗೆಯಿಂದ ಮಾಡುವುದು ಒಂದು ಕ್ರಮ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಮಾಡುವುದು ಇನ್ನೊಂದು. ಕಲಂಕಾರಿ ಬಟ್ಟೆಯ ಕಪ್ಪು ಗೆರೆಗಳೂ ಹುಟ್ಟುವುದು ಹಾಗೆಯೇ: ಬಟ್ಟೆಗೆ ಅಳಲೆಕಾಯಿಯ ರಸ ಕುಡಿಸಿ, ಮೇಲೆ ಕಬ್ಬಿಣದ ನೀರಿನಿಂದ ಬರೆದರೆ ಬರೆದಲ್ಲೆಲ್ಲ ಕಪ್ಪು. ಅನ್ನಭೇದಿಯೆಂದರೆ ಫೆರಸ್ ಸಲ್ಫೇಟ್. ನನ್ನ ಕೈಯಲ್ಲಿದ್ದ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಹೆಸರು.

ಅಂದು ಸಂಜೆ ಅಡಿಗೆಮನೆಯಲ್ಲಿ ದೊಡ್ಡಮ್ಮನನ್ನು ಕರೆದು ಕೂರಿಸಿಕೊಂಡು, ಒಂದು ಗಾಜಿನ ಲೋಟಕ್ಕೆ ಅವರದೇ ಕಷಾಯವನ್ನು ಸೋಸಿ ಹಾಕಿದೆ. ತೆಳು ಕಂದು ಬಣ್ಣದ ನೀರು. ಮಾತ್ರೆಯ ಕೆಂಪು ಹೊದಿಕೆಯನ್ನು ಕೆರೆದು, ಪುಡಿಮಾಡಿ, ಒಂದು ಚಿಟಿಕೆ ಉದುರಿಸಿದೆ. ಪುಡಿ ಬಿದ್ದ ಜಾಗದಿಂದ ಕಪ್ಪು ಎಳೆಗಳು ಇಳಿಯತೊಡಗಿದವು. ಚಮಚದಲ್ಲಿ ಕದಡಿ ಸ್ವಲ್ಪ ಹೊತ್ತು ಬಿಡುವುದರೊಳಗೆ ಲೋಟದಲ್ಲಿ ಇದ್ದದ್ದು ಶಾಯಿ. ದೊಡ್ಡಮ್ಮ ಕಡ್ಡಿಯೊಂದನ್ನು ಅದರಲ್ಲಿ ಅದ್ದಿ ಕ್ಯಾಲೆಂಡರಿನ ಅಂಚಿನ ಮೇಲೆ ಒಂದು ಗೆರೆ ಎಳೆದು ನೋಡಿದರು. ಆ ಗೆರೆ ಇನ್ನೂ ಅಲ್ಲೇ ಇದೆ.

“ಇದು ನಿನ್ನ ಹೊಟ್ಟೇಲೂ ಹೀಗೇ ಆಗತ್ತೇನೇ?” ಎಂದು ಕೇಳಿದರು.

ಹೆಚ್ಚು ಕಡಿಮೆ ಹೀಗೆಯೇ. ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡರೆ ಕರುಳು ಅದನ್ನು ಹೀರಲಾರದು. ಬಂದ ದಾರಿಯಲ್ಲಿ ಮುಂದಕ್ಕೆ ಹೋಗುತ್ತದೆ. ಮಾಂಸದ ಕಬ್ಬಿಣಕ್ಕೆ ಈ ಬಾಧೆ ಕಡಿಮೆ. ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣಕ್ಕೆ ಹೆಚ್ಚು. ೧೯೭೫ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು, ಅನ್ನ ಮತ್ತು ಆಲೂಗಡ್ಡೆ ಈರುಳ್ಳಿಯ ಸಾರಿನಂಥ ಸಾಧಾರಣ ಊಟದ ಜೊತೆಗೆ ಚಹ ಕುಡಿದರೆ ಕಬ್ಬಿಣ ಮೈಗೆ ಸೇರುವುದು ಬಹಳ ತಗ್ಗುತ್ತದೆಂದು ಅಳೆದು ತೋರಿಸಿದರು. ಹಾಗಾದರೆ ಚಹವನ್ನೇ ಬಿಡಬೇಕೆ ಎಂದರೆ ಅಷ್ಟು ಕಠಿಣ ವ್ರತ ಬೇಕಿಲ್ಲ. ೨೦೧೭ರಲ್ಲಿ ಇಂಗ್ಲೆಂಡಿನಲ್ಲಿ ನೋಡಿದಂತೆ, ಊಟವಾಗಿ ಒಂದು ಗಂಟೆ ಕಳೆದು ಕುಡಿದರೆ ಆ ಅಡ್ಡಿ ಅರ್ಧದಷ್ಟಕ್ಕೆ ಇಳಿಯುತ್ತದೆ. ಊಟದಲ್ಲಿ ನಿಂಬೆಹುಳಿ ಇದ್ದರೆ ಅದು ಕಬ್ಬಿಣದ ಪರವಾಗಿ ವಾದಿಸುತ್ತದೆ.

ತೂಕಕ್ಕೆಂದು ಕೊಟ್ಟದ್ದು ತೂಕಕ್ಕೆ ಮುಟ್ಟಲಿಲ್ಲ, ರಕ್ತಕ್ಕೆ ಮುಟ್ಟಿತು. ಇಲ್ಲಿ ಯಾರನ್ನು ದೂರುವುದು? ದೊಡ್ಡಮ್ಮ ಬೆಳಗ್ಗೆ ನಾಲ್ಕಕ್ಕೆ ಎದ್ದು ಅಳಲೆಕಾಯಿ ಕುಟ್ಟಿದವರು. ಆದರೆ ‘ಗಿಡಮೂಲಿಕೆ ತಾನೆ, ಏನೂ ಆಗದು’ ಎಂಬ ಮಾತನ್ನು ನಾನು ಈಚೆಗೆ ಸಹಿಸಲಾರೆ. ಏನನ್ನೂ ಮಾಡಲಾರದ ವಸ್ತು ಗುಣವನ್ನು ತಾನೆ ಹೇಗೆ ಮಾಡೀತು? ಡಾಕ್ಟರಮ್ಮ ನನಗೆ ಕೊಟ್ಟ ಮೆಟ್‌ಫಾರ್ಮಿನ್ ಎಂಬ ಮಾತ್ರೆಯ ಪೂರ್ವಜನೂ ಒಂದು ಗಿಡವೇ. ಯುರೋಪಿನ ಗಲೀಗಾ ಎಂಬ ಹೂಗಿಡದಲ್ಲಿದ್ದ, ದನಕರುಗಳಿಗೆ ವಿಷವಾಗುತ್ತಿದ್ದ ಒಂದು ವಸ್ತುವಿನ ಜಾಡನ್ನು ಹಿಡಿದು ಹೋಗಿ ಅದನ್ನು ೧೯೨೨ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ೧೯೫೭ರಲ್ಲಿ ಪ್ಯಾರಿಸಿನ ಜಾನ್ ಸ್ಟರ್ನ್ ಎಂಬ ವೈದ್ಯ ಸಕ್ಕರೆ ರೋಗಿಗಳಿಗೆ ಕೊಟ್ಟು ಫಲ ಕಂಡುದನ್ನು ಪ್ರಕಟಿಸಿದ. ಸ್ನಾಯುಗಳ ಕಿವುಡನ್ನು ಕೊಂಚ ಕಡಿಮೆ ಮಾಡುವುದು ಅದರ ಕೆಲಸಗಳಲ್ಲಿ ಒಂದು. ಈ ಕಥೆಯನ್ನು ಹೇಳಿದಾಗ ದೊಡ್ಡಮ್ಮನ ಮುಖ ಅರಳಿತು. “ಅಂದ್ಮೇಲೆ ಅದೂ ಸೊಪ್ಪೇ ಆಯ್ತಲ್ಲ!” ಎಂದರು. ಆಯಿತು, ಆದರೆ ಎಷ್ಟು ಮಿಲಿಗ್ರಾಂ ಎಂದು ಅಳೆದು, ಯಾರಿಗೆ ಕೊಡಬಾರದೆಂದು ನೋಡಿಕೊಂಡು ಬಂದ ಸೊಪ್ಪು.

ಒಗರಿಗೆ ಊಟದಲ್ಲಿ ಸಭ್ಯವಾದ ಸ್ಥಾನವೊಂದಿದೆಯೆಂದು ನನಗೆ ಗೊತ್ತಾದದ್ದು ಅಮ್ಮನ ತವರಿನಲ್ಲಿ. ಅದು ಬಯಲುಸೀಮೆ, ಅಲ್ಲಿ ರಾಗಿಯೇ ಅನ್ನ. ಕೆಂಪು ರಾಗಿಯ ಬಣ್ಣಕ್ಕೂ ಅದರ ಹಗುರಾದ ಒಗರಿಗೂ ಕಾಳಿನ ತೊಗಟೆಯಲ್ಲಿರುವ ಟ್ಯಾನಿನ್ನೇ ಕಾರಣ. ಬಿಳಿಯ ರಾಗಿಯಲ್ಲಿ ಅದು ಕಡಿಮೆ. ಅಕ್ಕಿಯಂತೆ ರಾಗಿಯನ್ನು ಥಳ್ಳಗೆ ಪಾಲಿಷ್ ಮಾಡುವುದು ಸುಲಭವಲ್ಲ. ಕಾಳು ಅಷ್ಟು ಚಿಕ್ಕದು, ತೊಗಟೆ ಅಷ್ಟು ಬಿಗಿ. ಹಾಗಾಗಿ ತೊಗಟೆ, ನಾರು, ಸುಣ್ಣಾಂಶ ಎಲ್ಲವೂ ಹಿಟ್ಟಿನಲ್ಲೇ ಉಳಿಯುತ್ತವೆ. ಮುದ್ದೆ ಉಂಡವನಿಗೆ ಬೇಗ ಹಸಿವಾಗದಿರುವುದಕ್ಕೆ ಇವೆಲ್ಲದರ ಕೂಡುಗೆಲಸ ಕಾರಣವೇ ಹೊರತು ಟ್ಯಾನಿನ್ ಒಂದೇ ಅಲ್ಲ. ಕಬ್ಬಿಣಕ್ಕೆ ಇಲ್ಲಿಯೂ ಅಡ್ಡಿಯುಂಟು. ಆದರೆ ಅಲ್ಲಿನ ಅಜ್ಜಿಯರು ಮಗುವಿಗೆ ರಾಗಿ ಮಣ್ಣಿ ಮಾಡುವಾಗ ಕಾಳನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಆಮೇಲೆ ಬೀಸುತ್ತಾರೆ. ಮೊಳಕೆಯಲ್ಲಿ ಟ್ಯಾನಿನ್ ಕಡಿಮೆಯಾಗುತ್ತದೆಂದು ಈಗಿನ ಪ್ರಯೋಗಶಾಲೆಗಳು ಹೇಳುತ್ತಿವೆ. ಮುದ್ದೆಯ ಗಾತ್ರ ಮೀರಿದರೆ ರಾಗಿಯೂ ಪಿಷ್ಟವೇ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ಮಾವ ಉಣ್ಣುವ ಮುದ್ದೆಯನ್ನು ನೋಡಿದವರಿಗೆ ಈ ಎಚ್ಚರಿಕೆಯ ಅಗತ್ಯ ತಿಳಿಯುತ್ತದೆ.

೨೦೨೩ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಪಿಸಿಓಎಸ್ ಚಿಕಿತ್ಸೆಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಯಾವ ಒಂದು ಆಹಾರಕ್ರಮವೂ ಇನ್ನೊಂದಕ್ಕಿಂತ ಮೇಲೆಂದು ಹೇಳಿಲ್ಲ. ಹಿತಮಿತವಾಗಿ ಉಣ್ಣುವುದು, ಮೈಯಾಡಿಸುವುದು. ತೂಕ ಇಳಿಯದಿದ್ದರೂ ಇವುಗಳಿಂದ ಪ್ರಯೋಜನವಿದೆ ಎಂದಿದೆ. ತೂಕದ ವಿಷಯವಾಗಿ ಹೆಂಗಸರನ್ನು ಹೀಯಾಳಿಸುವುದರಿಂದ ಆಗುವ ಕೆಡುಕನ್ನೂ ಅದರಲ್ಲಿ ಎತ್ತಿ ಹೇಳಿದೆ. ಆ ಪುಟವನ್ನು ಕನ್ನಡಿಸಿ ನಮ್ಮ ಕೇರಿಯ ಕಟ್ಟೆಗೆ ಅಂಟಿಸಬೇಕೆಂಬ ಆಸೆ ನನಗೆ ಈಗಲೂ ಇದೆ. ‘ಹೀಗಿದ್ರೆ ಯಾರು ಕೈ ಹಿಡೀತಾರೆ’ ಎಂಬ ಮಾತು ಅಲ್ಲಿಂದಲೇ ಹೊರಟು, ಅಮ್ಮನ ಕಿವಿಗೆ ಬಿದ್ದು, ರಾತ್ರಿ ನನ್ನ ತಟ್ಟೆಯ ಅನ್ನವನ್ನು ಕಡಿಮೆ ಮಾಡುತ್ತಿತ್ತು.

ನಾನೀಗ ಬಸ್ಸನ್ನು ಎರಡು ನಿಲ್ದಾಣ ಮೊದಲೇ ಇಳಿದು ಕಾಲೇಜಿಗೆ ನಡೆಯುತ್ತೇನೆ. ಹೋಗಿಬರುವುದಕ್ಕೆ ಐದು ಕಿಲೋಮೀಟರಾಗುತ್ತದೆ. ಮಳೆಗಾಲದಲ್ಲಿ ಸೀರೆ ಚೂಡಿದಾರಗಳ ಗತಿಯನ್ನು ಕೇಳಬೇಡಿ. ಅನ್ನ ಅರ್ಧವಾಗಿ ಕಾಳುಪಲ್ಯ ಎರಡರಷ್ಟಾಗಿದೆ. ಹತ್ತು ತಿಂಗಳಲ್ಲಿ ತೂಕ ೭೧ರಿಂದ ೬೭.೫ಕ್ಕೆ ಬಂದಿದೆ. ಕೇರಿಯ ಕಣ್ಣಿಗೆ ಅದು ಕಾಣುವುದಿಲ್ಲ. ನನ್ನ ಅಂಡಾಶಯಕ್ಕೆ ಕಂಡಿದೆಯೆಂದು ತೋರುತ್ತದೆ. ಮುಟ್ಟು ಮೂವತ್ತೈದು ನಲವತ್ತು ದಿನಕ್ಕೊಮ್ಮೆ ಬರುತ್ತಿದೆ, ಆರನೆಯ ದಿನಕ್ಕೆ ನಿಲ್ಲುತ್ತಿದೆ. ಹಿಮೋಗ್ಲೋಬಿನ್ ೧೧.೪.

ಕಷಾಯ ಮನೆಯಿಂದ ಹೋಗಿಲ್ಲ. ಅದರ ವೇಳೆ ಮಾತ್ರ ಸಂಜೆ ನಾಲ್ಕಕ್ಕೆ ಸರಿದಿದೆ, ಪ್ರಮಾಣ ಅರ್ಧ ಲೋಟಕ್ಕೆ ಇಳಿದಿದೆ. ಡಾಕ್ಟರಮ್ಮನವರ ಅಭ್ಯಂತರವೂ ಇಲ್ಲ. ಕಬ್ಬಿಣದ ಮಾತ್ರೆಗೆ ನಿಂಬೆಹಣ್ಣು ಹಿಂಡಿದ ನೀರನ್ನು ದೊಡ್ಡಮ್ಮನೇ ತಂದಿಡುತ್ತಾರೆ. ಊಟವಾದಮೇಲೆ ಒಂದು ಗಂಟೆಯವರೆಗೆ ಚಹದ ಪಾತ್ರೆಯನ್ನು ಯಾರೂ ಒಲೆಯ ಮೇಲಿಡಕೂಡದೆಂದು ಗಡಿಯಾರ ನೋಡುತ್ತ ಕಾವಲು ಕೂರುವವರೂ ಅವರೇ. ಈಚೆಗೆ ಒಂದು ದಿನ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕುಳಿತು, “ಅಲ್ವೇ, ನಾನೂ ನಲವತ್ತು ವರ್ಷದಿಂದ ಉಂಡ ಕೂಡ್ಲೆ ಚಹ, ಆಮೇಲೆ ಎಲೆಯಡಿಕೆ...” ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ನನ್ನ ಮುಂದಿನ ರಕ್ತಪರೀಕ್ಷೆ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಮೇ ತಿಂಗಳಲ್ಲಿ. ಆ ದಿನ ಅವರೂ ಬರುತ್ತಾರಂತೆ. ತಮ್ಮ ರಕ್ತವನ್ನೂ ಒಮ್ಮೆ ನೋಡಿಸಬೇಕಂತೆ.